ಬಾವಿಯ ರಾಟೆ, ಅಮ್ಮನ ಮಡಿ

ಸರಳ ಯಂತ್ರಗಳ ವಿಷಯದಲ್ಲಿ ಇಡೀ ಹೊಳೆನರಸೀಪುರದಲ್ಲಿ ನನಗಿಂತ ತಿಳಿದವರು ಇನ್ನೊಬ್ಬರಿರಲಿಲ್ಲ. ಇದು ಜಂಬದ ಮಾತಲ್ಲ. ಊರಿನ ಮಿಡ್ಲ್ ಸ್ಕೂಲಿನಲ್ಲಿ ಸಾಮಾನ್ಯ ವಿಜ್ಞಾನ ಹೇಳುತ್ತಿದ್ದವನು ನಾನೊಬ್ಬನೇ. ಸ್ಪರ್ಧೆಗೆ ಯಾರೂ ಇರಲಿಲ್ಲ. ಸನ್ನೆಗೋಲು, ರಾಟೆ, ಇಳಿಜಾರು ಹಲಗೆ, ಈ ಮೂರರ ಚಿತ್ರವನ್ನು ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ರಾಟೆಯನ್ನಂತೂ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ನಮ್ಮ ಹಿತ್ತಲ ಬಾವಿಯ ಮೇಲಿದ್ದ ನಿಜವಾದ ರಾಟೆಯಲ್ಲಿ ಮಾತ್ರ ಒಂದು ಕೊಡ ನೀರನ್ನೂ ಸೇದಿದವನಲ್ಲ. ಅದು ನನ್ನ ಹೆಂಡತಿ ಜಾನಕಿಯ ಇಲಾಖೆ.

ಯುದ್ಧ ನಡೆಯುತ್ತಿದ್ದ ಕಾಲ. ಆ ವರ್ಷ ದೀಪಾವಳಿಗೆ ಮುಂಚೆ ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅರಕಲಗೂಡಿನಿಂದ ಬಂದ ನಾಟಿ ವೈದ್ಯರು ಎಣ್ಣೆ ನೀವಿ, ಬಿದಿರು ದಬ್ಬೆ ಕಟ್ಟಿ, ಎರಡು ತಿಂಗಳು ಮಲಗಿಸಿದರು. ದಬ್ಬೆ ಬಿಚ್ಚಿದ ದಿನ ಹೇಳಿದರು:

“ಮೂಳೆ ಕೂಡಿದೆ. ಇನ್ನು ಮಲಗಿಸಬೇಡಿ. ದಿನಾ ಎಬ್ಬಿಸಿ, ಕೂರಿಸಿ, ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕಿಸಿ. ಈಗ ಮಲಗಿದರೆ ಆಮೇಲೆ ಏಳೋ ಮಾತಿಲ್ಲ.”

ಅಮ್ಮ ಹಿಡಿದುಕೊಂಡರೆ ನಿಲ್ಲುತ್ತಿದ್ದಳು. ತಾನಾಗಿ ಏಳಲು ಮಾತ್ರ ಆಗುತ್ತಿರಲಿಲ್ಲ. ಅದಕ್ಕೇನು, ಮನೆಯಲ್ಲಿ ಗಂಡಸು ನಾನಿಲ್ಲವೇ, ಎತ್ತಿ ನಿಲ್ಲಿಸಿದರಾಯಿತು ಎನ್ನುತ್ತೀರಿ. ತೊಡಕು ಇದ್ದದ್ದು ಸೊಂಟದಲ್ಲಲ್ಲ, ಮಡಿಯಲ್ಲಿ.

ನಮ್ಮಮ್ಮ ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ ಮಡಿಸೀರೆ ಉಟ್ಟಳೆಂದರೆ, ಅಡುಗೆಯಾಗಿ ಅವಳ ಊಟ ಮುಗಿಯುವವರೆಗೆ ಸ್ನಾನ ಮಾಡಿ ಮಡಿ ಉಡದವರು ಯಾರೂ ಅವಳನ್ನು ಮುಟ್ಟುವಂತಿಲ್ಲ. ಮಗನಾದರೂ ಅಷ್ಟೆ, ಮೈಸೂರಿನ ದಿವಾನರಾದರೂ ಅಷ್ಟೆ. ಮಂಚದಿಂದ ಬಚ್ಚಲವರೆಗೆ ಅವಳನ್ನು ಯಾರು ಬೇಕಾದರೂ ಹಿಡಿದುಕೊಂಡು ಹೋಗಬಹುದು. ಅದು ನನ್ನ ಪಾಲು; ಅದಕ್ಕಾಗಿ ಅವಳ ಐದರ ಸ್ನಾನ ನಾನು ಏಳುವ ಎಂಟಕ್ಕೆ ಸರಿದಿತ್ತು. ಬಚ್ಚಲಿಂದ ಅಡುಗೆಮನೆಗೆ ಮಾತ್ರ ಮಡಿ ಉಟ್ಟವರೇ ಕರೆದೊಯ್ಯಬೇಕು. ಅದು ಜಾನಕಿಯ ಪಾಲು. ನಡುವೆ ಒಂದು ಸಣ್ಣ ಪಡಸಾಲೆ. ಅದನ್ನು ದಾಟಿದರೆ ಅಡುಗೆಮನೆಯ ಹೊಸ್ತಿಲು. ಕತ್ತಲಲ್ಲಿ ಬಂದ ಕಳ್ಳರು ಎಡವಿ ಬೀಳಲಿ ಎಂದು ನಮ್ಮ ತಾತ ಆ ಹೊಸ್ತಿಲನ್ನು ಮೊಣಕಾಲೆತ್ತರ ಇಡಿಸಿದ್ದರಂತೆ. ಕಳ್ಳರು ಒಬ್ಬರೂ ಬರಲಿಲ್ಲ. ಮೂರು ತಲೆಮಾರಿನಿಂದ ನಾವೇ ಎಡವುತ್ತಿದ್ದೇವೆ.

ಹತ್ತು ದಿನ ಜಾನಕಿ ಅತ್ತೆಯನ್ನು ಆ ಹೊಸ್ತಿಲು ದಾಟಿಸಿದಳು. ಹನ್ನೊಂದನೆಯ ದಿನ ಅವಳ ಸೊಂಟವೇ ಹಿಡಿದುಕೊಂಡಿತು. ಮನೆಯಲ್ಲಿ ಇದ್ದ ಹೆಂಗಸರು ಇಬ್ಬರು, ನೆಟ್ಟಗಿದ್ದ ಸೊಂಟ ಸೊನ್ನೆ ಎಂಬಂತಾಯಿತು.

ಅಮ್ಮ ಮಂಚದ ಮೇಲೆಯೇ ಉಳಿದಳು. ಅವಳು ಹಟ ಮಾಡುವವಳಲ್ಲ, ಅಳುವವಳೂ ಅಲ್ಲ. ಆ ಸಂಜೆ ಮಾತ್ರ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ನಾಣೀ, ಬರೋ ಗುರುವಾರ ನಿಮ್ಮಪ್ಪನ ಶ್ರಾದ್ಧ.”

“ಗೊತ್ತಮ್ಮ.”

“ಹದಿನಾಲ್ಕು ವರ್ಷದಿಂದ ನನ್ನ ಕೈಯ ವಡೆ ಇಲ್ಲದೆ ಅವರಿಗೆ ಒಂದು ಶ್ರಾದ್ಧವೂ ಆಗಿಲ್ಲ. ನನ್ನನ್ನ ಒಲೆ ಮುಂದೆ ಒಂದು ಮಣೆ ಹಾಕಿ ಕೂರಿಸಿಬಿಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ. ಈ ವರ್ಷ ಒಲೆ ಮುಂದೆ ಕೂರದೆ ಹೋದ್ರೆ, ಆಮೇಲೆ ನಾನು ಆ ಹೊಸ್ತಿಲು ದಾಟೋದು ಮನೆಯಿಂದ ಎತ್ಕೊಂಡು ಹೋಗೋ ದಿವಸಾನೇ ಅನ್ಸುತ್ತೆ ಕಣೋ.”

ಹೊರಗೆ ಬಂದು ಜಾನಕಿಗೆ ಹೇಳಿದೆ. ಅವಳು ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಒಂದೇ ಮಾತಿನಲ್ಲಿ ಪರಿಹಾರ ಹೇಳಿದಳು:

“ಇದರಲ್ಲೇನಿದೆ? ಅವತ್ತು ನೀವು ಐದಕ್ಕೆ ಎದ್ದು ತಲೆ ಮೇಲೆ ಬಾವಿ ನೀರು ಹೊಯ್ಕೊಂಡು, ಮಡಿ ಪಂಚೆ ಉಟ್ಟು, ಅಮ್ಮನ್ನ ಎತ್ತಿ ಕೂರಿಸಿ.”

ಪುಷ್ಯಮಾಸದ ಹೊಳೆಯ ಗಾಳಿ. ಹೇಮಾವತಿಯ ಕಡೆಯಿಂದ ಬೀಸಿದರೆ ನಾಯಿಗಳೂ ಒಲೆಯ ಬೂದಿಯಲ್ಲಿ ಮಲಗುವ ಕಾಲ. ನಾನೋ ಎಂಟಕ್ಕೆ ಎದ್ದು, ಒಂಬತ್ತಕ್ಕೆ ಹಂಡೆಯ ಬಿಸಿನೀರಲ್ಲಿ ಮಿಂದು, ಹತ್ತಕ್ಕೆ ಸ್ಕೂಲಿಗೆ ಹೋಗುವ ಪ್ರಾಣಿ. ಆದರೂ ಚಳಿಗೆ ಹೆದರಿ ಹಿಂಜರಿದೆನೆಂದು ಯಾರೂ ತಿಳಿಯಬಾರದು. ನನ್ನದು ನೆಗಡಿಯ ಧಾತು, ಅದು ಬೇರೆ ಮಾತು. ನಾನು ಹಿಂಜರಿದದ್ದು ತತ್ತ್ವದ ದೃಷ್ಟಿಯಿಂದ.

“ಮನುಷ್ಯ ಭಾರ ಎತ್ತೋ ಕಾಲ ಹೋಯಿತು ಜಾನಕೀ,” ಎಂದೆ ಗಂಭೀರವಾಗಿ. “ಅದಕ್ಕೇ ಅಂತ ರಾಟೆ ಇದೆ.”

“ರಾಟೆಗೆ ನೆಗಡಿ ಆಗಲ್ಲ, ಅದು ನಿಜ,” ಎಂದು ಅವಳು ಒಳಗೆ ಹೋದಳು.

ಯೋಜನೆ ಸರಳವಾಗಿತ್ತು. ಪಡಸಾಲೆಯ ಮೇಲೆ ಒಂದು ತೇಗದ ತೊಲೆ ಹಾದುಹೋಗಿತ್ತು. ಅದಕ್ಕೆ ರಾಟೆ ಕಟ್ಟುವುದು. ಊಟಕ್ಕೆ ಕೂರುವ ದೊಡ್ಡ ಮಣೆಗೆ ನಾಲ್ಕು ಮೂಲೆಯಲ್ಲಿ ತೂತು ಕೊರೆದು ಉಯ್ಯಾಲೆಯಂತೆ ಹಗ್ಗ ಬಿಗಿಯುವುದು. ಸ್ನಾನವಾದ ಅಮ್ಮ ಅದರ ಮೇಲೆ ಕೂತರೆ, ನಾನು ದೂರ ನಿಂತು ಹಗ್ಗ ಎಳೆಯುವುದು. ಅಮ್ಮ ಹೊಸ್ತಿಲಿನ ಮಟ್ಟಕ್ಕೆ ಏರುತ್ತಾಳೆ. ಜಾನಕಿ ಆಚೆಯಿಂದ ಮಣೆಯನ್ನು ಮೆಲ್ಲಗೆ ಸೆಳೆದುಕೊಳ್ಳುತ್ತಾಳೆ. ನಾನು ಹಗ್ಗ ಸಡಿಲಿಸುತ್ತೇನೆ. ಅಮ್ಮ ಒಲೆಯ ಮುಂದೆ ಹೂವಿನಂತೆ ಇಳಿಯುತ್ತಾಳೆ. ಮುಟ್ಟಿದವರಿಲ್ಲ, ಎತ್ತಿದವರಿಲ್ಲ, ನೀರು ಹೊಯ್ದುಕೊಂಡವರಂತೂ ಇಲ್ಲವೇ ಇಲ್ಲ.

ರಾಟೆ ತರಲು ಭಾನುವಾರ ಹಾಸನಕ್ಕೆ ಹೊರಟೆ. ಪೆಟ್ರೋಲು ಇಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತು. ಎರಡು ಸಲವೂ ಇಳಿದು ತಳ್ಳಿದೆವು. ಹಾಸನದ ಅಂಗಡಿಗಳಲ್ಲಿ ರಾಟೆ ಎಂದರೆ ನಕ್ಕರು. ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿದೆ ಸ್ವಾಮಿ, ಮೊಳೆಯೇ ಸಿಗುತ್ತಿಲ್ಲ ಎಂದರು. ನಾನು ಕೈ ಬೀಸಿಕೊಂಡು, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಹಿಂದಿರುಗಿದೆ. ಆದರೆ ಬುದ್ಧಿಯುಳ್ಳವನಿಗೆ ದಾರಿ ಇದ್ದೇ ಇರುತ್ತದೆ. ಸೋಮವಾರ ಬೆಳಿಗ್ಗೆ ನಮ್ಮ ಬಾವಿಯ ರಾಟೆಯನ್ನೇ ಬಿಚ್ಚಿ ತಂದೆ.

“ನೀರು?” ಎಂದಳು ಜಾನಕಿ.

“ನಾಲ್ಕು ದಿವಸ ಹಾಗೇ ಸೇದಿಕೋ. ವಿಜ್ಞಾನಕ್ಕೆ ಸ್ವಲ್ಪ ತ್ಯಾಗ ಬೇಕು.”

ತ್ಯಾಗ ಅವಳೇ ಮಾಡಿದಳು. ರಾಟೆಯಿಲ್ಲದ ಬಾವಿಯಿಂದ ಬರಿಗೈಯಲ್ಲಿ ಕೊಡ ಸೇದಿ ಸೇದಿ, ಬುಧವಾರದ ಹೊತ್ತಿಗೆ ಅವಳ ಸೊಂಟ ಎಡಕ್ಕೆ ಬಾಗಿದ್ದು ಬಲಕ್ಕೂ ಬಾಗಿತು. ಅವಳ ಸೊಂಟ ಉಳಿಸಲೆಂದು ಹೂಡಿದ ಯಂತ್ರ ಮೊದಲು ನುಂಗಿದ್ದೇ ಅವಳ ಸೊಂಟವನ್ನು. ಆಗ ಇದು ನನಗೆ ಹೊಳೆಯಲಿಲ್ಲ. ನಾನು ತೊಲೆಯ ಮೇಲಿದ್ದೆ.

ಹಗ್ಗ ಸಿಕ್ಕಿದ್ದು ಪಕ್ಕದ ಮನೆಯ ನಂಜುಂಡಪ್ಪನವರಿಂದ. ಅವರದು ತೆಂಗಿನಕಾಯಿ, ಕೊಬ್ಬರಿ ಮಂಡಿ. ಒಳ್ಳೆಯ ಹೊಸ ನಾರಿನ ಹಗ್ಗ ಒಂದು ಸಿಂಬಿ ಹಿಡಿದುಕೊಂಡು, ಹಿಂದೆ ತಮ್ಮ ಮೂಟೆ ಹೊರುವ ಬೋರಣ್ಣನನ್ನೂ ಕರೆದುಕೊಂಡು ಬಂದರು. ತೊಲೆಯನ್ನು ನೋಡಿದರು, ರಾಟೆಯನ್ನು ನೋಡಿದರು, ಏಣಿಯ ಮೇಲಿದ್ದ ನನ್ನನ್ನೂ ನೋಡಿದರು.

“ಏನ್ ಮೇಷ್ಟ್ರೇ, ಮನೇಲೇ ತಕ್ಕಡಿ ಕಟ್ತಾ ಇದ್ದೀರಲ್ಲ, ಯಾರ್ನ ತೂಗಬೇಕು ಅಂತ?”

ವಿವರಿಸಿದೆ. ಅವರು ಹಣೆಯ ವಿಭೂತಿಯನ್ನು ಒಮ್ಮೆ ಸವರಿಕೊಂಡು, ನಗುವನ್ನು ಮೀಸೆಯೊಳಗೇ ಇಟ್ಟುಕೊಂಡರು. ಪರೀಕ್ಷೆಗೆಂದು ಬೋರಣ್ಣ ಒಂದು ಮೂಟೆ ತೆಂಗಿನಕಾಯಿ ತಂದು ಮಣೆಯ ಮೇಲಿಟ್ಟ. ನಾನು ಎಳೆದೆ. ಮೂಟೆ ಸಲೀಸಾಗಿ ಏರಿತು, ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಹನ್ನೊಂದು ವರ್ಷದ ಪಾಠ ಕಣ್ಣೆದುರು ನಿಜವಾದಾಗ ಮೇಷ್ಟರಿಗೆ ಆಗುವ ಹೆಮ್ಮೆಯನ್ನು ಹೇಳಿ ಮುಗಿಸಲಾಗದು.

“ನೋಡಿದೆಯಾ ಬೋರಣ್ಣ? ಮೂಟೆಗೆ ಏನಾದರೂ ತೊಂದರೆ ಆಯ್ತಾ?”

“ಮೂಟೆಗೇನು ಸಾ, ಅದ್ಕೆ ಉಸ್ರಿಲ್ಲ,” ಎಂದ ಬೋರಣ್ಣ. ಆಮೇಲೆ ತಲೆ ಕೆರೆದುಕೊಂಡು, “ಅವ್ವಾರ್ನ ಎತ್ತಾಕೆ ಇಷ್ಟೆಲ್ಲಾ ಯಾಕ್ ಸಾ? ಸೊಂಟ ಬಗ್ಗಿಸ್ದೆ ಮಂಡಿ ಬಗ್ಗಿಸಿ, ಎದೆಗೆ ಒತ್ತಿ ಇಡ್ಕಂಡ್ರೆ ಅಂಗೇ ಎದ್ಬತ್ತಾರೆ. ನಾನ್ ದಿನಾ ನೂರ್ ಮೂಟೆ ಎತ್ತಾಕಿಲ್ವಾ?”

“ಬೋರಣ್ಣ, ಇದು ವಿಜ್ಞಾನ,” ಎಂದೆ.

“ಅಂಗಾದ್ರೆ ಸರಿ ಬುಡಿ ಸಾ,” ಎಂದು ಅವನು ಮೂಟೆ ಹೊತ್ತುಕೊಂಡು ಹೋದ. ಮಂಡಿ ಬಗ್ಗಿಸಿಯೇ ಎತ್ತಿಕೊಂಡ. ನಾನು ಅದನ್ನು ಗಮನಿಸಬೇಕಾಗಿತ್ತು.

ಬುಧವಾರ ಸಂಜೆ ಅಮ್ಮ ಮಂಚದಿಂದಲೇ ಒಂದು ಪ್ರಶ್ನೆ ಎಸೆದಳು. ಮೂವತ್ತು ಹುಡುಗರ ತರಗತಿಯಲ್ಲೂ ನನಗೆ ಅಂಥ ಪ್ರಶ್ನೆ ಬಂದಿರಲಿಲ್ಲ.

“ನಾಣೀ, ಹಗ್ಗದ ಈ ತುದೀಲಿ ಮಡಿ ಉಟ್ಟ ನಾನು. ಆ ತುದೀಲಿ ಮೈಲಿಗೇಲಿರೋ ನೀನು. ನನ್ನ ಒದ್ದೆ ಸೀರೆ ನೀರು ಹಗ್ಗಕ್ಕೆ ಇಳಿಯುತ್ತೆ. ಮೈಲಿಗೆ ಹಗ್ಗದಲ್ಲಿ ಹರಿದು ಬರಲ್ವೇನೋ?”

ಆಗ ಹಾಸನದ ಪ್ರಯಾಣ ಫಲ ಕೊಟ್ಟಿತು. ಅಲ್ಲಿ ದೀಪದ ಕಂಬಗಳ ಮೇಲೆ ತಂತಿಗೂ ಕಂಬಕ್ಕೂ ನಡುವೆ ಪಿಂಗಾಣಿ ಬಟ್ಟಲು ಇಟ್ಟಿದ್ದನ್ನು ನೋಡಿದ್ದೆ. ವಿದ್ಯುಚ್ಛಕ್ತಿ ಅದನ್ನು ದಾಟದು. ಹಾಗೆಯೇ ಮೈಲಿಗೆ ದಾಟದ ವಸ್ತು ಯಾವುದು? ಉಣ್ಣೆ! ಧಾಬಳಿಗೆ ಮೈಲಿಗೆಯಿಲ್ಲ ಎಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತು. ಹಗ್ಗವನ್ನು ನಡುವೆ ಕತ್ತರಿಸಿ, ಅಮ್ಮನ ಹಳೆಯ ಮಡಿ ಧಾಬಳಿಯಿಂದ ಒಂದು ಮೊಳ ಹರಿದು, ಎರಡೂ ತುದಿಗೆ ಬಿಗಿಯಾಗಿ ಗಂಟು ಹಾಕಿದರೆ ಮುಗಿಯಿತು. ಮೈಲಿಗೆ ನನ್ನ ಕಡೆಯಿಂದ ಬಂದು ಧಾಬಳಿಯ ಹತ್ತಿರ ನಿಂತುಬಿಡುತ್ತದೆ.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. “ಶಾಸ್ತ್ರಕ್ಕೇನೋ ಸರಿಯಾಗಿದೆ,” ಎಂದಳು.

“ಮೂಗಿಗಿಂತ ಮೂಗುತಿ ಭಾರ,” ಎಂದಳು ಜಾನಕಿ ಗೋಡೆಯ ಕಡೆ ತಿರುಗಿಕೊಂಡು.

ಗಂಟು ರಾಟೆಗೆ ಸಿಕ್ಕಬಾರದಲ್ಲ, ಅಷ್ಟೂ ತಿಳಿಯದವನೇ ನಾನು? ಲೆಕ್ಕ ಹಾಕಿದೆ. ಅಮ್ಮ ಏರಬೇಕಾದದ್ದು ಒಂದು ಮೊಳ. ಧಾಬಳಿಯನ್ನು ರಾಟೆಗಿಂತ ಒಂದೂವರೆ ಮೊಳ ಕೆಳಗೆ ಕಟ್ಟಿದೆ. ಅರ್ಧ ಮೊಳ ಉಳಿಯಿತು. ಪರೀಕ್ಷೆ ಮಾತ್ರ ಮಾಡಲಿಲ್ಲ. ಮಡಿ ಧಾಬಳಿಯಲ್ಲಿ ಮಂಡಿಯ ಮೂಟೆ ಎತ್ತಿದರೆ ಮಡಿ ಕೆಡುತ್ತದೆ ಎಂದು ಅಮ್ಮ ಬಿಡಲಿಲ್ಲ.

ಗುರುವಾರ ಬಂತು. ಅಮ್ಮನ ಮೇಲಿನ ಗೌರವದಿಂದ ನಾನು ಆರಕ್ಕೇ ಎದ್ದೆ. ಶ್ರಾದ್ಧ ಮಾಡುವವನು ನಾನೇ ಆದ್ದರಿಂದ ಸ್ನಾನ ಹೇಗೂ ತಪ್ಪಿದ್ದಲ್ಲ. ಅದು ಪುರೋಹಿತರು ಬಂದ ಮೇಲೆ, ಹತ್ತು ಗಂಟೆಯ ಎಳೆಬಿಸಿಲಿಗೆ ಎಂದು ಮುಂದೂಡಿದ್ದೆ. ಜಾನಕಿ ಅತ್ತೆಗೆ ಹಂಡೆಯ ಬಿಸಿನೀರು ಹೊಯ್ದು, ಮಡಿ ಉಡಿಸಿ, ಬಚ್ಚಲ ಬಾಗಿಲಾಚೆ, ರಾಟೆಯ ಕೆಳಗಿನ ಮಣೆಯ ಮೇಲೆ ಕೂರಿಸಿದಳು. ತಾನು ಸೊಂಟ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಆಚೆ ಹೋಗಿ ನಿಂತಳು. ಅಮ್ಮ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕಣ್ಣು ಮುಚ್ಚಿ, ನರಸಿಂಹಸ್ವಾಮಿಯನ್ನು ನೆನೆದಳು.

“ಎಳಿಯಪ್ಪ.”

ಎಳೆದೆ. ಹಗ್ಗ ಬಂತು. ಅಮ್ಮ ಬರಲಿಲ್ಲ. ಇನ್ನೂ ಎಳೆದೆ. ಮತ್ತೂ ಹಗ್ಗ ಬಂತು. ಹೊಸ ನಾರಿನ ಹಗ್ಗ ಒದ್ದೆಯಾಗಿ ಭಾರ ಬಿದ್ದರೆ ಮೊದಲು ತಾನು ಹಿಗ್ಗುತ್ತದೆ, ಆಮೇಲೆ ಭಾರ ಎತ್ತುತ್ತದೆ ಎಂಬುದು ನಂಜುಂಡಪ್ಪನವರ ಮಂಡಿಯಲ್ಲಿ ಎಲ್ಲರಿಗೂ ಗೊತ್ತಂತೆ. ಪಾಠದ ಪುಸ್ತಕದ ಹಗ್ಗ ಹಿಗ್ಗುವುದಿಲ್ಲ. ನಾನು ಕಾಲೂರಿ ಜೋರಾಗಿ ಎಳೆದೆ. ಅಮ್ಮ ಎದ್ದಳು. ಏರಿದಳು. ಹೊಸ್ತಿಲಿನ ಮಟ್ಟ ಬಂತು.

ಮೇಲೆ ‘ಕರ್’ ಎಂದಿತು. ಹಗ್ಗ ಹಿಗ್ಗಿದಷ್ಟೂ ಹೆಚ್ಚು ಎಳೆದಿದ್ದರಿಂದ ಉಳಿಸಿದ್ದ ಅರ್ಧ ಮೊಳ ಮುಗಿದು, ಧಾಬಳಿಯ ಗಂಟು ರಾಟೆಯ ಗಾಲಿಗೂ ಅದರ ಚೌಕಟ್ಟಿಗೂ ನಡುವೆ ಹೋಗಿ ಕಚ್ಚಿಕೊಂಡಿತು.

ಮುಂದಕ್ಕೆಳೆದೆ, ಬರಲಿಲ್ಲ. ಹಿಂದಕ್ಕೆ ಬಿಟ್ಟೆ, ಹೋಗಲಿಲ್ಲ. ಜಾನಕಿ ಕೈ ಚಾಚಿದಳು, ಮಣೆ ಎಟುಕಲಿಲ್ಲ. ಇನ್ನೊಂದು ಗೇಣು ಬಗ್ಗಬೇಕು. ಬಗ್ಗಿದರೆ ಅವಳು ಏಳುವ ಹಾಗಿಲ್ಲ. ನಮ್ಮಮ್ಮ ಪಡಸಾಲೆಯ ನಟ್ಟನಡುವೆ, ನೆಲದಿಂದ ಒಂದೂಕಾಲು ಮೊಳ ಮೇಲೆ, ಮಡಿಯುಟ್ಟು ಕೂತಿದ್ದಳು. ಹುರಿಗೊಂಡ ಹಗ್ಗ ತನ್ನ ಹುರಿ ಬಿಚ್ಚಿಕೊಳ್ಳುತ್ತ ಅವಳನ್ನು ಮೆಲ್ಲಗೆ ತಿರುಗಿಸತೊಡಗಿತು. ಒಮ್ಮೆ ಮುಖ ಅಡುಗೆಮನೆಯ ಕಡೆಗೆ. ಒಮ್ಮೆ ನನ್ನ ಕಡೆಗೆ.

ನನ್ನ ಕಡೆ ತಿರುಗಿದಾಗಲೆಲ್ಲ ಒಂದು ಮಾತು ಬರುತ್ತಿತ್ತು.

“ನಾಣೀ, ಇದು ನಿನ್ನ ಲೆಕ್ಕದಲ್ಲಿತ್ತೇನೋ?”

ಒಂದು ಸುತ್ತು.

“ಹೋಗಿ ನೀರು ಹೊಯ್ಕೊಂಡು ಬಂದು ಇಳಿಸೋ.”

“ಹಗ್ಗ ಬಿಡೋ ಹಾಗಿಲ್ಲಮ್ಮ. ಗಂಟು ಜಾರಿದರೆ ನೀನು ಬಿದ್ದುಬಿಡ್ತೀಯ.”

ಇನ್ನೊಂದು ಸುತ್ತು. ಈ ಸಲ ಅವಳು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಅವಳ ಕಾಲುಗಳು ಸಣ್ಣಗೆ ನಡುಗುತ್ತಿದ್ದವು. ಆ ಹೊತ್ತಿಗೆ ನನ್ನ ತಮಾಷೆಯೆಲ್ಲ ಇಳಿದುಹೋಗಿ ನಿಜವಾಗಿ ಹೆದರಿದ್ದೆ. ಎರಡು ತಿಂಗಳು ದಬ್ಬೆ ಕಟ್ಟಿಸಿಕೊಂಡು ಕೂಡಿಸಿಕೊಂಡ ಮೂಳೆ. ಇನ್ನೊಮ್ಮೆ ಬಿದ್ದರೆ ಯಾವ ವೈದ್ಯರೂ ಬರಬೇಕಾಗಿಲ್ಲ.

ಸರಿಯಾಗಿ ಆಗಲೇ ಪುರೋಹಿತರಾದ ಶಾಸ್ತ್ರಿಗಳು ಬಂದರು. ವಯಸ್ಸು ಎಪ್ಪತ್ತು, ನಮ್ಮ ಮನೆಯ ಮೂರು ತಲೆಮಾರಿಗೆ ಮಂತ್ರ ಹೇಳಿದವರು. ತರ್ಪಣದ ಸಾಮಾನು ಮೊದಲೇ ಹೊಂದಿಸಿಡೋಣವೆಂದು ಬೇಗ ಬಂದಿದ್ದರಂತೆ. ಪಡಸಾಲೆಗೆ ಕಾಲಿಟ್ಟವರು ಹಾಗೇ ನಿಂತರು.

“ಏನಯ್ಯಾ ನಾರಾಯಣ, ತಾಯಿಯವರನ್ನು ತ್ರಿಶಂಕು ಮಾಡಿಟ್ಟಿದ್ದೀಯಲ್ಲ.”

“ನೀವಾದರೂ ಸ್ವಲ್ಪ ಹಿಡಿದುಕೊಳ್ಳಿ ಶಾಸ್ತ್ರಿಗಳೇ.”

“ನಾನು ಬೀದಿಯಲ್ಲಿ ಬಂದವನು, ಮಡಿಯಲ್ಲಿಲ್ಲ. ಅಲ್ಲದೆ ನನ್ನನ್ನು ಮಣೆಯಿಂದ ಎಬ್ಬಿಸೋಕೇ ನಮ್ಮನೇಲಿ ಇಬ್ಬರು ಬೇಕು.”

ಜಾನಕಿ ಮಾತಿಗೆ ಕಾಯಲಿಲ್ಲ. ಹಿತ್ತಲ ಬಾಗಿಲಿಗೆ ಹೋಗಿ ಗೋಡೆಯಾಚೆಗೆ ಕೂಗಿದಳು. ಒಂದು ನಿಮಿಷದಲ್ಲಿ ನಂಜುಂಡಪ್ಪನವರೂ ಬೋರಣ್ಣನೂ ಹಿತ್ತಲಿನಿಂದ ಬಂದರು. ನಂಜುಂಡಪ್ಪನವರು ಓಡಿಬಂದು ನನ್ನ ಕೈಯ ಹಗ್ಗಕ್ಕೆ ಕೈ ಜೋಡಿಸಿದರು. ಬೋರಣ್ಣ ಮಾತ್ರ ಬಾಗಿಲ ಆಚೆಯೇ ನಿಂತ.

“ಬಾರೋ, ಅಮ್ಮನ್ನ ಇಳಿಸೋ,” ಎಂದೆ.

“ನಾನ್ ಎಂಗ್ ಮುಟ್ಲಿ ಸಾ? ಅವ್ವಾರು ಮಡೀಲವ್ರೆ,” ಎಂದ ಅವನು. ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದ.

ಅಮ್ಮ ಅವನ ಕಡೆಗೆ ತಿರುಗುವವರೆಗೆ ಎಲ್ಲರೂ ಕಾಯಬೇಕಾಯಿತು. ತಿರುಗಿದಳು.

“ಬೋರಣ್ಣ, ಬಾಪ್ಪ. ಮಡಿ ಹೋದ್ರೆ ಇನ್ನೊಂದು ತಂಬಿಗೆ ನೀರು ಹೊಯ್ಕೋತೀನಿ. ಸೊಂಟ ಹೋದ್ರೆ ಏನು ಹೊಯ್ಕೊಳ್ಲಿ?”

ಶಾಸ್ತ್ರಿಗಳು ಗಂಟಲು ಸರಿಮಾಡಿಕೊಂಡರು. “ಆದರೂ, ಶ್ರಾದ್ಧದ ದಿನ, ಶಾಸ್ತ್ರದಲ್ಲಿ...”

“ಶಾಸ್ತ್ರಿಗಳೇ, ಶಾಸ್ತ್ರ ನೆಲದ ಮೇಲಿರೋರಿಗೆ. ನಾನು ಕೆಳಗಿಳಿದ ಮೇಲೆ ಕೇಳ್ತೀನಿ,” ಎಂದಳು ಅಮ್ಮ, ಆಗಲೇ ಗೋಡೆಯ ಕಡೆ ತಿರುಗುತ್ತ.

ಬೋರಣ್ಣ ಒಳಗೆ ಬಂದ. ಹೆಗಲ ವಸ್ತ್ರದಲ್ಲಿ ಕೈ ಒರೆಸಿಕೊಂಡ. ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ, ಒಂದು ತೋಳನ್ನು ಅಮ್ಮನ ಬೆನ್ನಿಗೂ ಇನ್ನೊಂದನ್ನು ಮೊಣಕಾಲ ಅಡಿಗೂ ಕೊಟ್ಟು, “ನನ್ ಕುತ್ಗೆ ಇಡ್ಕಳಿ ಅವ್ವಾರೆ, ಉಸ್ರು ಬುಡಿ,” ಎಂದ. ಅಮ್ಮ ಉಸಿರು ಬಿಟ್ಟಳು. ಅಷ್ಟೆ. ಅವಳು ಕೆಳಗಿದ್ದಳು. ನಾನು ನಾಲ್ಕು ದಿನ ಕಟ್ಟಿದ್ದನ್ನು ಅವನು ನಾಲ್ಕು ಎಣಿಸುವುದರೊಳಗೆ ಮುಗಿಸಿದ. ಭಾರ ತಪ್ಪಿದ ಕೂಡಲೇ ಗಂಟು ತಾನಾಗಿ ಬಿಚ್ಚಿಕೊಂಡು, ಮಣೆ ಧಡಾರನೆ ನೆಲಕ್ಕೆ ಬಿತ್ತು. ಮಣೆ ಎರಡು ಹೋಳಾಗಿತ್ತು.

“ಸರಿ,” ಎಂದಳು ಅಮ್ಮ ಗೋಡೆಗೊರಗಿ ಕೂತು. “ಇನ್ನೊಂದು ಸಲ ಸ್ನಾನ. ಹೊತ್ತಾಗ್ತಿದೆ, ಉದ್ದು ರುಬ್ಬೋದಿದೆ.”

ಹಂಡೆಯಲ್ಲಿ ಉಳಿದಿದ್ದ ಬಿಸಿನೀರು ಅಮ್ಮನೊಬ್ಬಳಿಗೆ ಸಾಕಾಗುವಷ್ಟಿತ್ತು. ಅಮ್ಮ ನನ್ನನ್ನು ನೋಡಿದಳು. ಜಾನಕಿ ನೋಡಿದಳು. ನಂಜುಂಡಪ್ಪ, ಶಾಸ್ತ್ರಿಗಳು, ಬೋರಣ್ಣ, ಎಲ್ಲರೂ ನೋಡಿದರು. ನಾನು ಕೊಡ ಹಿಡಿದು ಬಾವಿಗೆ ಹೋದೆ. ಬಾವಿಯ ಮೇಲೆ ರಾಟೆಯಿರಲಿಲ್ಲ. ಅದು ಎಲ್ಲಿತ್ತೆಂದು ತಮಗೆ ತಿಳಿದೇ ಇದೆ. ಬರಿಗೈಯಲ್ಲಿ ಎರಡು ಕೊಡ ಸೇದುವ ಹೊತ್ತಿಗೆ, ನಾಲ್ಕು ದಿನ ಜಾನಕಿ ಮಾಡಿದ ತ್ಯಾಗದ ತೂಕ ನನ್ನ ಸೊಂಟಕ್ಕೂ ಮನವರಿಕೆಯಾಯಿತು. ಮೊದಲ ತಂಬಿಗೆ ತಲೆಯ ಮೇಲೆ ಬಿದ್ದಾಗ ನನ್ನ ಬಾಯಿಂದ ಹೊರಟ ಶಬ್ದವನ್ನು ಶಾಸ್ತ್ರಿಗಳು ಮಂತ್ರವೆಂದು ತಿಳಿದರಂತೆ.

ಮಡಿ ಪಂಚೆ ಉಟ್ಟು, ಹಲ್ಲು ಕಟಕಟಿಸುತ್ತ ಬಚ್ಚಲ ಬಾಗಿಲಿಗೆ ಬಂದೆ. ಅಮ್ಮ ಎರಡನೆಯ ಸ್ನಾನ ಮುಗಿಸಿ ಕೂತಿದ್ದಳು. ಬೋರಣ್ಣ ಹಿತ್ತಲ ಬಾಗಿಲಾಚೆಯಿಂದ ಪಾಠ ಹೇಳಿದ. ನಾನು ಹುಡುಗರಿಗೆ ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದ.

“ಅಂಗಲ್ಲ ಸಾ, ಸೊಂಟ ನೆಟ್ಟಗಿರ್ಲಿ. ಮಂಡಿ ಬಗ್ಸಿ. ಅವ್ವಾರ್ನ ಎದೆಗೆ ಒತ್ಗಳಿ. ದೂರ ಇಡುದ್ರೆ ಭಾರ, ಅತ್ರ ಇಡುದ್ರೆ ಅಗುರ. ಆ, ಈಗ ಏಳಿ.”

ಎದ್ದೆ.

ಒಂದು ಮೂಟೆ ತೆಂಗಿನಕಾಯಿಯ ಭಾರಕ್ಕೆ ತಯಾರಾಗಿ ಎದ್ದಿದ್ದೆ. ತೋಳಿನಲ್ಲಿ ಬಂದದ್ದು ಒಗೆದು ಹಿಂಡಿದ ಸೀರೆಯಷ್ಟೂ ಭಾರವಿರಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು, ಈ ಹೊಸ್ತಿಲನ್ನೇ ದಿನಕ್ಕೆ ಹತ್ತು ಸಲ ದಾಟುತ್ತಿದ್ದ ಅಮ್ಮ ಇವಳೇ. ಯಾವಾಗ ಇಷ್ಟು ಹಗುರಾದಳೋ ನನಗೆ ಗೊತ್ತೇ ಆಗಿರಲಿಲ್ಲ. ತಿಳಿಯಬೇಕಾದರೆ ಒಮ್ಮೆಯಾದರೂ ಎತ್ತಿರಬೇಕಿತ್ತಲ್ಲ. ನನ್ನ ಕಣ್ಣು ತುಂಬಿತು. ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದುದರಿಂದ ಯಾರಿಗೂ ಕಾಣಲಿಲ್ಲ ಎಂದುಕೊಂಡಿದ್ದೇನೆ.

ಹೊಸ್ತಿಲು ದಾಟುವಾಗ ಅಮ್ಮ ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು:

“ಜಾನಕಿ ಸೊಂಟ ಹಿಡ್ಕೊಂಡ ದಿವಸವೇ ಕೇಳೋಣ ಅಂತಿದ್ದೆ ಕಣೋ. ನಿನಗೆ ನೆಗಡಿ ಆಗುತ್ತೆ ಅಂತ ಸುಮ್ಮನಾದೆ.”

ಉತ್ತರ ಕೊಡಲು ಬಾಯಿ ತೆರೆದೆ. ಸೀನು ಬಂತು. ಒಂದಲ್ಲ, ಮೂರು. ಮೂರಕ್ಕೂ ಅಮ್ಮ ನನ್ನ ತೋಳಿನಲ್ಲಿ ಕುಣಿದಳು. “ಚಿರಂಜೀವಿಯಾಗು. ಮೊದಲು ಇಳಿಸು,” ಎಂದಳು. ಬೋರಣ್ಣ ಹೇಳಿದಂತೆ ಮಂಡಿ ಬಗ್ಗಿಸಿ, ಒಲೆಯ ಮುಂದಿನ ಸಣ್ಣ ಮಣೆಯ ಮೇಲೆ ಇಳಿಸಿದೆ. ಅವಳು ಸೀರೆಯ ಸೆರಗು ಸರಿಮಾಡಿಕೊಂಡು, ಒಲೆಯನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು, “ಜಾನಕೀ, ಬಾಣಲೆ ಇಡಮ್ಮ,” ಎಂದಳು. ಮಂಚದ ಮೇಲಿದ್ದವಳಿಗೆ ಈ ಧ್ವನಿ ಇರಲಿಲ್ಲ.

ಶ್ರಾದ್ಧ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರು. ಶಾಸ್ತ್ರಿಗಳು ಆರು ವಡೆ ತಿಂದರು. 'ಶಾಸ್ತ್ರದಲ್ಲಿ' ಎಂದು ಬೆಳಿಗ್ಗೆ ಶುರುಮಾಡಿದ್ದ ವಾಕ್ಯವನ್ನು ಅವರು ಮುಗಿಸಲೇ ಇಲ್ಲ. ಅಮ್ಮ ಕೇಳಲೂ ಇಲ್ಲ. ಮಾರನೆಯ ದಿನ ಅಮ್ಮ ಬೇರೆ ಹಿಟ್ಟು ರುಬ್ಬಿಸಿ, ಒಂದು ಬುಟ್ಟಿ ವಡೆ ಬೋರಣ್ಣನಿಗೆಂದು ಮಾಡಿ ಕಳಿಸಿದಳು. ಕೊಟ್ಟು ಬಂದವನು ನಾನೇ. “ಏನ್ ಸಾ, ಅವ್ವಾರು ಇವತ್ತೂ ಒಲೆ ಮುಂದೆ ಕುಂತಿದ್ರಾ?” ಎಂದ. ಕುಂತಿದ್ದರು ಎಂದೆ. ನೆಗಡಿಯಿಂದಾಗಿ ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ.

ಧಾಬಳಿಯಲ್ಲಿ ಒಂದು ಮೊಳ ಹರಿದ ಜಾಗ ಹಾಗೇ ಇದೆ. ಹೊಸ್ತಿಲನ್ನು ಕತ್ತರಿಸಿ ತಗ್ಗಿಸಬಹುದಿತ್ತಲ್ಲ ಎಂದು ನಂಜುಂಡಪ್ಪನವರು ಒಂದು ವಾರದ ಮೇಲೆ ಕೇಳಿದರು. ಮೂರು ತಲೆಮಾರಿನಲ್ಲಿ ಯಾರಿಗೂ ಹೊಳೆಯದ ಸಂಗತಿ ಅದು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಬಡಗಿ ಬಂದು ಅರ್ಧ ಗಂಟೆಯಲ್ಲಿ ಕತ್ತರಿಸಿಹೋದ. ಈಗ ಅಮ್ಮ ನನ್ನ ತೋಳು ಹಿಡಿದು ತಾನೇ ದಾಟುತ್ತಾಳೆ. ಆದರೂ ಮಣೆಯಿಂದ ಎಬ್ಬಿಸಲು, ಕೂರಿಸಲು ಮಡಿ ಉಟ್ಟ ಮಗ ಬೇಕೇ ಬೇಕು.

ರಾಟೆ ಬಾವಿಗೆ ವಾಪಸು ಹೋಯಿತು. ದಿನಾ ಬೆಳಿಗ್ಗೆ ಐದಕ್ಕೆ ಅದು ಕಿರುಗುಟ್ಟುತ್ತದೆ. ಗೋಡೆಯಾಚೆಯಿಂದ ನಂಜುಂಡಪ್ಪನವರು ಹಲ್ಲುಜ್ಜುತ್ತ ಕೇಳುತ್ತಾರೆ:

“ಏನ್ ಮೇಷ್ಟ್ರೇ, ಈಗ ರಾಟೆ ಸರ್ಯಾಗಿ ಕೆಲ್ಸ ಮಾಡ್ತಾ ಐತಾ?”

ಮಾಡುತ್ತದೆ. ಒಂದು ತುದಿಯಲ್ಲಿ ಕೊಡ, ಇನ್ನೊಂದು ತುದಿಯಲ್ಲಿ ಸಾಮಾನ್ಯ ವಿಜ್ಞಾನದ ಮೇಷ್ಟ್ರು, ಒದ್ದೆ ಪಂಚೆಯಲ್ಲಿ, ಸೀನುತ್ತ.